ಹಾನ್ಲೆಯ ಕತ್ತಲೆ, ನಮ್ಮೂರಿನ ಬೆಳಕು

ಕತ್ತಲೆಯನ್ನು ಕಾಪಾಡಲು ಸರ್ಕಾರವೇ ಅಧಿಸೂಚನೆ ಹೊರಡಿಸಿತೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. 2022ರ ಡಿಸೆಂಬರಿನಲ್ಲಿ ಲಡಾಖಿನ ಆಡಳಿತ ಮಾಡಿದ್ದು ಅದನ್ನೇ. ಹಾನ್ಲೆ ಎಂಬ ಹಳ್ಳಿಯ ಸುತ್ತಲಿನ 1073 ಚದರ ಕಿಲೋಮೀಟರ್ ಪ್ರದೇಶದ ಇರುಳಿನ ಆಕಾಶವನ್ನು ಅದು ರಕ್ಷಿತವೆಂದು ಘೋಷಿಸಿತು.

ಅಲ್ಲಿ ಸುಮಾರು 4500 ಮೀಟರ್ ಎತ್ತರದ ಗುಡ್ಡದ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯವಿದೆ. ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನ 2 ಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಅಷ್ಟು ದೂರವೇಕೆ? ಕಾರಣ ಮೂರು. ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ನಕ್ಷತ್ರದ ಬೆಳಕಿಗೆ ಅಡ್ಡಿ ಕಡಿಮೆ. ಹವೆ ಒಣಗಿದ್ದರಿಂದ ಅವಗೆಂಪು ಕಿರಣಗಳನ್ನು ಹೀರುವ ನೀರಾವಿಯೂ ವಿರಳ. ಮೂರನೆಯದು ಕತ್ತಲೆ. ಮೊದಲಿನೆರಡು ಪ್ರಕೃತಿಯ ಕೊಡುಗೆ; ಮೂರನೆಯದು ಉಳಿದಿರುವುದು ಅಲ್ಲಿನ ಜನರ ಸಂಯಮದಿಂದ. ಅವರು ಕಿಟಕಿಗಳಿಗೆ ದಪ್ಪ ಪರದೆ ಕಟ್ಟುತ್ತಾರೆ, ಹೊರಗಿನ ದೀಪಗಳಿಗೆ ಮರೆ ಹಾಕುತ್ತಾರೆ. ಪ್ರತಿಯಾಗಿ ತರಬೇತಿ ಪಡೆದ ಹಳ್ಳಿಗರು, ಅದರಲ್ಲೂ ಹೆಣ್ಣುಮಕ್ಕಳು, ಬಂದ ಪ್ರವಾಸಿಗರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ.

ಎತ್ತರವನ್ನೂ ಒಣಹವೆಯನ್ನೂ ನಾವು ಇಲ್ಲಿಗೆ ತರಲಾರೆವು. ಆದರೆ ಕತ್ತಲೆ ನಮ್ಮ ಕೈಯಲ್ಲೇ ಇದೆಯಲ್ಲವೇ?

ದೀಪ ಬೇಡವೆಂದರೆ ರಾತ್ರಿ ಓಡಾಡುವ ಹೆಣ್ಣುಮಕ್ಕಳ ಗತಿಯೇನು, ಹಾವು ಹುಳುಗಳ ಭಯವೇನು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ದೀಪ ಬೇಕು, ಆದರೆ ಅದು ಬೆಳಗಬೇಕಾದ್ದು ದಾರಿಯನ್ನು, ಮೋಡವನ್ನಲ್ಲ. ಮರೆಯಿಲ್ಲದ ದೀಪ ಕಣ್ಣು ಕುಕ್ಕುತ್ತದೆ. ಅದರಾಚೆಯ ನೆರಳಲ್ಲಿ ಯಾರಿದ್ದಾರೆಂದು ಕಾಣುವುದೇ ಇಲ್ಲ. ಮೇಲಕ್ಕೆ ಹೋದ ಬೆಳಕಿಗೂ ವಿದ್ಯುತ್ ಬಿಲ್ಲನ್ನು ನಾವೇ ತೆರುತ್ತೇವೆ. ನೀಲಿ ಬೆಳಕು ಹೆಚ್ಚು ಚದುರುತ್ತದೆಂದು ತರಗತಿಯಲ್ಲಿ ಕಲಿತಿದ್ದೀರಿ. ಹಗಲಿನ ಬಾನು ನೀಲಿಯಾಗಿರಲು ಯಾವುದು ಕಾರಣವೋ, ನೀಲಿ ಛಾಯೆಯ ಬಿಳಿ ಎಲ್‌ಇಡಿ ದೀಪಗಳು ಇರುಳಿನ ಬಾನನ್ನು ಮಬ್ಬಾಗಿಸಲೂ ಅದೇ ಕಾರಣ. ಹಳದಿ ಛಾಯೆಯ ದೀಪ, ಅದಕ್ಕೊಂದು ತಗಡಿನ ಟೋಪಿ, ಬೇಡವಾದಾಗ ಆರಿಸುವ ಅಭ್ಯಾಸ: ಇಷ್ಟೇ ಸಾಕು.

1986ರ ಮಾರ್ಚಿನ ನಸುಕಿನಲ್ಲಿ ಶಾಲೆಯ ಹಿಂದಿನ ಗದ್ದೆಬದುವಿನ ಮೇಲೆ ನಿಂತು ಹ್ಯಾಲಿ ಧೂಮಕೇತುವನ್ನು ಹುಡುಕಿದ ಶಿಷ್ಯರಿಗೆ ಆ ಆಕಾಶ ನೆನಪಿರಬಹುದು. ಈಗ ಅದೇ ಬದುವಿನ ಪಕ್ಕ ಎತ್ತರದ ಕಂಬವೊಂದು ನಿಂತಿದೆ. ಅದರ ಕೆಳಗೆ ನಿಂತರೆ ಕ್ಷೀರಪಥವಿರಲಿ, ಸಪ್ತರ್ಷಿಮಂಡಲದ ಏಳು ತಾರೆಗಳನ್ನೂ ಎಣಿಸಲಾಗದು. ಧೂಮಕೇತು ಮತ್ತೆ ಬರುವುದು 2061ರಲ್ಲಿ. ಆಗ ನಾನಿರುವುದಿಲ್ಲ, ನಿಮ್ಮ ಮೊಮ್ಮಕ್ಕಳಿರುತ್ತಾರೆ. ಅದನ್ನು ನೋಡಲು ಅವರು ಲಡಾಖಿಗೇ ಹೋಗಬೇಕೇ, ಮನೆಯಂಗಳ ಸಾಕೇ ಎಂಬುದು ಇಂದು ನೀವು ಹಾಕುವ ದೀಪದ ಮೇಲೆ ನಿಂತಿದೆ. ಗ್ರಾಮಸಭೆಯಲ್ಲೊಮ್ಮೆ ಈ ಮಾತೆತ್ತಿ. ಅದಕ್ಕೂ ಮೊದಲು ಇಂದು ರಾತ್ರಿ ಊಟವಾದ ಮೇಲೆ ಅಂಗಳದ ದೀಪವಾರಿಸಿ, ಮಕ್ಕಳನ್ನು ಹೊರಗೆ ಕರೆಯಿರಿ.