ಇಲಿ ಹಿಡಿದ ಬೆಕ್ಕು

ಹುಬ್ಬಳ್ಳಿ-ಧಾರವಾಡಗಳ ನಡುವಿನ ಅಮರಗೋಳದಲ್ಲಿ ಚಾಲುಕ್ಯರ ಕಾಲದ ಶಂಕರಲಿಂಗ ದೇವಾಲಯವೂ ಉಂಟು, ದಲಾಲರ ಗದ್ದಲದ ಕೃಷಿ ಮಾರುಕಟ್ಟೆಯೂ ಉಂಟು. ಇಲ್ಲಿಂದ ಚಿಗರಿ ಬಸ್ಸನ್ನೇರಿ ಕಾಲೇಜಿಗೆ ಹೋಗುವ ಮಕ್ಕಳಲ್ಲಿ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನ ವಿಭಾಗವನ್ನು ಸೇರಿದೊಡನೆ ಸಕಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾದವರೂ ಇದ್ದಾರೆ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದ ಮಗಳು ತರಗತಿಯಲ್ಲಿ ತುಟಿ ಬಿಚ್ಚಳು. ಉತ್ತರ ಗೊತ್ತು, ವಾಕ್ಯ ಹುಟ್ಟದು. ಮಗಳ ಬುದ್ಧಿ ಮಂದವಾಯಿತೇನೋ ಎಂದು ತಂದೆತಾಯಿಗಳು ಕಳವಳಗೊಂಡು ಟ್ಯೂಶನ್ನಿಗೆ ಹಣ ತೆರುವರು. ಅಲ್ಲಿಯೂ ಮೊದಲು ದೊರೆಯುವುದು ಪಾರಿಭಾಷಿಕ ಪದಗಳ ಪಟ್ಟಿಯೇ: ನೌನ್, ವರ್ಬ್, ಸಿಮಿಲಿ, ಮೆಟಫರ್. ಪಟ್ಟಿ ಬಾಯಿಪಾಠವಾಗುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ.

ಇಂಥ ಮಕ್ಕಳನ್ನು ತಡೆಯುವುದು ಬಹುಮಟ್ಟಿಗೆ ವಾಕ್ಯದ ಕಟ್ಟಡ. 'ಬೆಕ್ಕು ಇಲಿಯನ್ನು ಹಿಡಿಯಿತು' ಎಂಬ ಮಾತನ್ನು ಪರೀಕ್ಷಿಸಬಹುದು. 'ಇಲಿಯನ್ನು ಬೆಕ್ಕು ಹಿಡಿಯಿತು' ಎಂದರೂ, 'ಹಿಡಿಯಿತು ಬೆಕ್ಕು ಇಲಿಯನ್ನು' ಎಂದರೂ ಇಲಿಗೆ ಬಿಡುಗಡೆಯಿಲ್ಲ. 'ಅನ್ನು' ಎಂಬ ದ್ವಿತೀಯಾ ವಿಭಕ್ತಿ ಅದರ ಬಾಲಕ್ಕೆ ಗಂಟುಬಿದ್ದಿದೆ. ಇಂಗ್ಲಿಷಿನಲ್ಲಿ ಆ ಗಂಟಿಲ್ಲ. 'ದಿ ಕ್ಯಾಟ್ ಕಾಟ್ ದಿ ರ‍್ಯಾಟ್' ಎಂಬುದರಲ್ಲಿ ಎರಡು ನಾಮಪದಗಳನ್ನು ಅದಲುಬದಲು ಮಾಡಿದರೆ ಇಲಿಯೇ ಬೆಕ್ಕನ್ನು ಹಿಡಿದುಬಿಡುತ್ತದೆ! ಅಲ್ಲಿ ಪದವು ಕುಳಿತ ಸ್ಥಳವೇ ಅದರ ವಿಭಕ್ತಿ. (ಕನ್ನಡಿಗರೂ ಪ್ರತ್ಯಯವನ್ನು ಕೈಬಿಟ್ಟು 'ಇಲಿ ಹಿಡಿದ ಬೆಕ್ಕು' ಎಂದರೆ, ಹಿಡಿದವರು ಯಾರು, ಸಿಕ್ಕವರು ಯಾರು ಎಂದು ಕೇಳಬೇಕಾದೀತು.)

ಇಂಗ್ಲಿಷು ಹುಟ್ಟಿನಿಂದಲೇ ಹೀಗಿರಲಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಅದರ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದಂತೆ ಪದಗಳ ಸಾಲು ಬಿಗಿಯಾಯಿತು. 'ಹಿ' ಎಂಬುದು 'ಹಿಮ್' ಆಗುವಲ್ಲಿ, 'ದೇ' ಎಂಬುದು 'ದೆಮ್' ಆಗುವಲ್ಲಿ ಆ ಹಳೆಯ ಸಂಪತ್ತಿನ ಚೂರುಪಾರು ಉಳಿದಿದೆ. ಹುಡುಗರು ಒಗಟೆಂದು ಉರುಹೊಡೆಯುವ ಈ ರೂಪಗಳು, ಕನ್ನಡದ 'ಅವನು-ಅವನನ್ನು' ಎಂಬುದರ ದೂರದ ನೆಂಟರೆಂದು ಒಮ್ಮೆ ಹೇಳಿಕೊಟ್ಟರೆ ಅರ್ಧ ಭಯ ಇಳಿದೀತು.

ಇನ್ನೊಂದು ವಾಕ್ಯಖಂಡ ಇನ್ನೂ ಸ್ವಾರಸ್ಯವಾದುದು: 'ನಿನ್ನೆ ಧಾರವಾಡದಿಂದ ಪೇಡೆ ತಂದ ಹುಡುಗ'. ಇದನ್ನು ಇಂಗ್ಲಿಷಿಗೆ ತಿರುಗಿಸುವವರು ಬಾಲದಿಂದ ತಲೆಗೆ ನಡೆಯಬೇಕು. ಮೊದಲು ಹುಡುಗ, ಅವನನ್ನು ಹಿಡಿದು ನಿಲ್ಲಿಸಲು 'ಹೂ' ಎಂಬ ಕೊಂಡಿ, ಆಮೇಲೆ ತಂದದ್ದು, ಪೇಡೆ, ಧಾರವಾಡ, ಕಟ್ಟಕಡೆಗೆ ನಿನ್ನೆ. ಧಾರವಾಡದ ಹಿಂದೆ ಅಂಟಿಕೊಂಡಿದ್ದ 'ಇಂದ' ಕೂಡ 'ಫ್ರಮ್' ಆಗಿ ಮುಂದಕ್ಕೆ ಬಂದು ನಿಲ್ಲುತ್ತದೆ. ಕನ್ನಡಿಯಲ್ಲಿ ಕಂಡ ಮುಖದಂತೆ ಎಡ ಬಲವಾಗಿದೆ, ಬಲ ಎಡವಾಗಿದೆ. ದಿನಕ್ಕೆ ಇಂಥ ನಾಲ್ಕು ವಾಕ್ಯಗಳನ್ನು ಮನೆಯಲ್ಲಿಯೇ ತಿರುವುಮುರುವು ಮಾಡಿದರೆ, ನೂರು ಲಕ್ಷಣಸೂತ್ರಗಳನ್ನು ಕಂಠಪಾಠ ಮಾಡಿದ್ದಕ್ಕಿಂತ ಹೆಚ್ಚು ಫಲ ಕಂಡೀತು. ಇದಕ್ಕೆ ತಾಯಿಗೆ ಇಂಗ್ಲಿಷು ಬರಬೇಕೆಂಬ ನಿರ್ಬಂಧವೂ ಇಲ್ಲ. ವಾಕ್ಯದಲ್ಲಿ ಕರ್ತೃ ಯಾರು, ಕ್ರಿಯಾಪದ ಯಾವುದು ಎಂದು ಕನ್ನಡದಲ್ಲಿ ಕೇಳಿದರೂ ಆಯಿತು.

ಇದೇ ಕನ್ನಡಿಯ ಮುಂದೆ ಆಚೆಯ ಬದಿಯಿಂದ ಬಂದು ನಿಂತವರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದ ಈ ಜರ್ಮನ್ ಪಾದ್ರಿ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿಯೂ ಕೆಲಸಮಾಡಿ ಕನ್ನಡ ಕಲಿತರು. ಅವರು ಕನ್ನಡವನ್ನು ಕನ್ನಡದ ಕಟ್ಟಡದಿಂದಲೇ ಅರಿಯಲೆಳಸಿ, 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1894ರಲ್ಲಿ ನಿಘಂಟು, 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಪ್ರಕಟವಾದವು. ಅವರಿಗೆ ಕೇಶಿರಾಜನು ಒದಗಿದಂತೆ ಅಮರಗೋಳದ ಹುಡುಗಿಗೂ ಮನೆಯ ವ್ಯಾಕರಣ ಒದಗಬಾರದೇಕೆ?

ಅಲಂಕಾರಗಳ ವಿಷಯದಲ್ಲಂತೂ ಆಕೆ ಬಡವಳೇ ಅಲ್ಲ. 9ನೆಯ ಶತಮಾನದ 'ಕವಿರಾಜಮಾರ್ಗ'ವು ಉಪಮೆ, ರೂಪಕಗಳನ್ನು ಕನ್ನಡದಲ್ಲಿ ವಿವರಿಸಿತ್ತು. ತಿರುಳ್ಗನ್ನಡದ ನಾಡಿಗೆ ಅದು ಹೆಸರಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ, ಅಮರಗೋಳಕ್ಕೆ ಬಹಳ ದೂರದ್ದೇನೂ ಅಲ್ಲ. ಹೋಲಿಸಲ್ಪಡುವುದು ಉಪಮೇಯ, ಹೋಲಿಕೆಗೆ ತಂದದ್ದು ಉಪಮಾನ ಎಂದು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಮೆಟಫರಿನ ಈ ಎರಡು ಅಂಗಗಳಿಗೆ ಇಂಗ್ಲಿಷಿನಲ್ಲಿ ನಿಶ್ಚಿತ ಹೆಸರುಗಳಿಲ್ಲವೆಂದು ಐ. ಎ. ರಿಚರ್ಡ್ಸ್ ಎಂಬ ವಿಮರ್ಶಕರು 'ಟೆನರ್' ಮತ್ತು 'ವೆಹಿಕಲ್' ಎಂಬ ಪದಗಳನ್ನು ಸೂಚಿಸಿದ ಗ್ರಂಥ ಪ್ರಕಟವಾದದ್ದು 1936ರಲ್ಲಿ! 'ಮುಖ ಚಂದ್ರನಂತಿದೆ' ಎಂದರೆ ಉಪಮೆ, ಅದೇ ಸಿಮಿಲಿ. 'ಮುಖಚಂದ್ರ' ಎಂದರೆ ರೂಪಕ, ಅದೇ ಮೆಟಫರ್. ಅತಿಶಯೋಕ್ತಿಯನ್ನು ಹೈಪರ್ಬೊಲಿ ಎಂದು ಪರಿಚಯಿಸುವುದಕ್ಕೆ ಒಂದು ನಿಮಿಷ ಸಾಕು. ಉತ್ಪ್ರೇಕ್ಷೆಗೆ ಮಾತ್ರ ಸರಿಜೋಡಿ ಸುಲಭವಾಗಿ ಸಿಕ್ಕದು.

ನುಡಿಗಟ್ಟುಗಳೆದುರು ಮಾತ್ರ ಎಚ್ಚರ ಬೇಕು. ಕಣ್ಣಿಗೆ ಮಣ್ಣೆರಚುವ ಕೆಲಸವನ್ನು ಇಂಗ್ಲಿಷರೂ ಧೂಳಿನಿಂದ ಮಾಡುತ್ತಾರಾದ್ದರಿಂದ ಅಲ್ಲಿ ಅಪಾಯವಿಲ್ಲ. ಆದರೆ ನೆರೆಮನೆಯವರ ಹೊಸ ಕಾರನ್ನು ಕಂಡು ಹೊಟ್ಟೆ ಉರಿಯಿತೆಂದು ಮಾತಿಗೆ ಮಾತು ತರ್ಜುಮೆ ಮಾಡಿದರೆ, ಕೇಳಿದ ಇಂಗ್ಲಿಷಿನವನು ಹುಳಿತೇಗಿಗೆ ಗುಳಿಗೆ ತೆಗೆದುಕೊಡುವನು.