ಸಂಡಾಸಿಗೂ ಬಡ್ಡಿಯೆ?

ಬಡವರಿಗೆ ಸಣ್ಣ ಸಾಲ ಕೊಡಿ, ಶೌಚಾಲಯ ಅವರೇ ಕಟ್ಟಿಕೊಳ್ಳುತ್ತಾರೆ ಎನ್ನುವ ಮಾತು ಅಭಿವೃದ್ಧಿ ಪಂಡಿತರ ಬಾಯಲ್ಲಿ ಮಂತ್ರವಾಗಿದೆ. ಈ ಮಂತ್ರವನ್ನು ಗುಳೇದಗುಡ್ಡದ ನೇಕಾರನೊಬ್ಬನ ಮನೆಯೊಳಗೆ ನಿಂತು ಹೇಳಲಿ ನೋಡೋಣ.

ಖಣ ನೇಯುವ ಮನೆಯೆಂದರೆ ಅರ್ಧ ಮನೆ ಮಗ್ಗದ್ದು. ನೆಲ ಅಗೆದು ಕೂಡಿಸಿದ ಕುಣಿಮಗ್ಗ. ಕಾಲು ಕುಣಿಯಲ್ಲಿ, ಕೈ ಲಾಳಿಯ ಮೇಲೆ. ಆ ಕುಣಿಗೆ ಸಾಲ ತಂದರೆ ಅರ್ಥವಿದೆ. ನೂಲು ತಂದು, ನೇಯ್ದು, ಮಾರಿದ ಮೇಲೆ ಕಂತಿಗೆ ನಾಲ್ಕು ಕಾಸು ಹುಟ್ಟುತ್ತದೆ. ಹಿತ್ತಲಲ್ಲಿ ತೋಡುವ ಇನ್ನೊಂದು ಕುಣಿ ಏನನ್ನು ನೇಯುತ್ತದೆ? ಸಾಲ ಎರಡನೆಯ ಕುಣಿಯದ್ದು, ತೀರಿಸಬೇಕಾದದ್ದು ಮೊದಲನೆಯದು. ಖಣ ಮಾರಾಟವಾಗದೆ ಉಳಿದ ತಿಂಗಳಲ್ಲೂ ಕಂತಿನವನು ಬಂದೇ ಬರುತ್ತಾನೆ. ಬಾಗಿಲಲ್ಲಿ ನಿಂತು ಉತ್ತರ ಕೊಡುವವಳು ಮನೆಯ ಹೆಂಗಸು, ಏಕೆಂದರೆ ಸಂಘದ ಸಾಲ ಅವಳ ಹೆಸರಲ್ಲಿದೆ. ಅವಳು ತಪ್ಪಿದರೆ ಗುಂಪಿನ ಗೆಳತಿಯರೇ ಅವಳ ಮೇಲೆ ತಿರುಗಿಬೀಳಬೇಕು. ಗುಂಪು ಜಾಮೀನು ಎಂದರೆ ಅದೇ.

ಒಂದು ಲೆಕ್ಕ ಹಾಕಿ. 20,000 ರೂಪಾಯಿ ಸಾಲ, ವರ್ಷಕ್ಕೆ ಶೇ. 24 ಬಡ್ಡಿ, 24 ತಿಂಗಳ ಕಂತು ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 1,057 ರೂಪಾಯಿ ಕಟ್ಟಬೇಕು. ಬಡ್ಡಿಯೇ 5,300 ದಾಟುತ್ತದೆ. 2014ರಲ್ಲಿ ಶುರುವಾದ ಸ್ವಚ್ಛ ಭಾರತದಲ್ಲಿ ಪಟ್ಟಣದ ಒಂದು ಮನೆಯ ಶೌಚಾಲಯಕ್ಕೆ ಕೇಂದ್ರ ಇಟ್ಟಿದ್ದ ಪಾಲು 4,000. ರಾಜ್ಯದ ಪಾಲು ಬೇರೆ, ನಿಜ. ಆದರೂ ದಿಲ್ಲಿಯ ದುಡ್ಡು ಸಾಲದ ಬಡ್ಡಿಗೂ ಸಾಲದು. ಹಳ್ಳಿಗಳಿಗೆ 12,000 ಎಂದರು. ಅದೂ ಬಹುಪಾಲು ಕಡೆ ಮೊದಲು ಕಟ್ಟಿ, ಫೋಟೋ ತೋರಿಸಿ, ಆಮೇಲೆ ಪಡೆಯುವ ಹಣ. ಮೊದಲು ಕಟ್ಟಲು ದುಡ್ಡಿದ್ದವನು ಬಡವ ಹೇಗಾದಾನು?

ಪುಕ್ಕಟೆ ಕೊಟ್ಟರೆ ಕಟ್ಟಿಗೆ, ಕುಳ್ಳು ತುಂಬಿಡುತ್ತಾರೆ, ಸಾಲ ಮಾಡಿ ಕಟ್ಟಿದರೆ ಬಳಸುತ್ತಾರೆ ಎನ್ನುವವರಿದ್ದಾರೆ. ನೀರು ಬಾರದ, ಗುಂಡಿ ತುಂಬಿದರೆ ಬಳಿಯುವ ವ್ಯವಸ್ಥೆಯಿಲ್ಲದ ಸಂಡಾಸಿನಲ್ಲಿ ಕಟ್ಟಿಗೆಯಲ್ಲದೆ ಮತ್ತೇನಿಡಬೇಕು? ಬಡ್ಡಿ ಕಟ್ಟಿದ ಮಾತ್ರಕ್ಕೆ ನಳದಲ್ಲಿ ನೀರು ಬರುವುದಿಲ್ಲ. ಕತ್ತಲಾಗುವವರೆಗೆ ತಡೆದುಕೊಂಡು ತಂಬಿಗೆ ಹಿಡಿದು ಹೋಗುವ ಹೆಣ್ಣುಮಕ್ಕಳಿಗೆ ಸಂಡಾಸಿನ ಬೆಲೆ ಕಲಿಸಲು ಯಾವ ಬಡ್ಡಿಯೂ ಬೇಕಿಲ್ಲ.

ಇಷ್ಟಕ್ಕೂ ಒಂದು ಮನೆಯ ಮಲ ಬಯಲಿಗೆ ಬೀಳದಿದ್ದರೆ ಆರೋಗ್ಯ ಉಳಿಯುವುದು ಇಡೀ ಓಣಿಯದ್ದು. ಲಾಭ ಊರಿಗೆ, ಕಂತು ಒಬ್ಬಳಿಗೆ. ರಸ್ತೆಗೆ, ಚರಂಡಿಗೆ ನಾವು ಸಂಘದ ಸಾಲ ಎತ್ತಿಸುತ್ತೇವೆಯೆ?

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ವಸೂಲಿ ದೌರ್ಜನ್ಯದ ವಿರುದ್ಧ ಸುಗ್ರೀವಾಜ್ಞೆ ತಂದಿತು: ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳು ಅದರ ಆಚೆಗೇ ಉಳಿದವು. ಜನ ಯಾತಕ್ಕಾಗಿ ಸಾಲ ಮಾಡುತ್ತಾರೆಂಬ ಪ್ರಶ್ನೆಯನ್ನು ಅದು ಮುಟ್ಟಲೂ ಇಲ್ಲ.

ಸಾಲವೇ ಬೇಡ ಎನ್ನುತ್ತಿಲ್ಲ. ಅನುದಾನ ಬರುವವರೆಗೆ ಕೈಗಡ ಬೇಕಾದವರು ಪಡೆಯಲಿ. ಆ ಬಡ್ಡಿಯನ್ನು, ತಡ ಮಾಡಿದ ತಪ್ಪಿಗೆ, ಸರ್ಕಾರ ಕಟ್ಟಲಿ. ಹಿತ್ತಲಿಲ್ಲದ ಓಣಿಗಳಿಗೆ ಪುರಸಭೆ ನೀರಿರುವ, ರಾತ್ರಿ ದೀಪವಿರುವ ಶೌಚಾಲಯ ಕಟ್ಟಲಿ. ಉಳಿದ ಮನೆಗಳಿಗೆ ಗೌಂಡಿಯ ಕೂಲಿ, ಸಿಮೆಂಟು, ಕಲ್ಲುನೆಲ ಅಗೆಯುವ ಖರ್ಚು ಕೆಲಸಕ್ಕೆ ಮೊದಲೇ ಕೈಗೆ ಬರಲಿ.