ಅತ್ತಿಗೆಯ ಆರ್ಡರ್ ಪುಸ್ತಕ, ಎರಡಡಿ ಮೆಷಿನ್

ಜೂನ್ ಮೂರನೇ ವಾರ. ಮೀಟಿಂಗ್ ನಡುವೆ ಭದ್ರಾವತಿಯಿಂದ ಅತ್ತಿಗೆಯ ಫೋನು. "ಬಸ್ಸಿನ ಅಕ್ಷರ ಎದ್ದು ಬಂದಿದೆ ಕಣೋ, ಫೋಟೊ ಕಳಿಸಿದೀನಿ ನೋಡು" ಅಂದರು. ನೋಡಿದೆ. ಹಳದಿ ಸ್ಕೂಲ್ ಬಸ್ಸಿನ ಪಕ್ಕಕ್ಕೆ ಹಚ್ಚಿದ್ದ ಹೆಸರಿನ ಪ್ರತಿ ಅಕ್ಷರವೂ ಸರಿಯಾಗಿ ಸೊಂಟದ ಹತ್ತಿರ ಬಾಯಿ ಬಿಟ್ಟಿತ್ತು. ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ. ನಡುವಿನ ಸಂದಿಯಲ್ಲಿ ಮಳೆ ನೀರು, ಕೆಸರು.

ಕಾರಣ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಮೆಷಿನ್ 12 ಇಂಚಿನದು, ಅಕ್ಷರ 15 ಇಂಚಿನದು. ಎರಡು ತುಂಡು ಮಾಡಿ ಕತ್ತರಿಸಿ, ಒಂದರ ಮೇಲೊಂದು ಅರ್ಧ ಸೆಂಟಿಮೀಟರ್ ಹತ್ತಿಸಿ ಕೂರಿಸಿದ್ದರು. ಬೇಸಿಗೆಯಲ್ಲಿ ಹಚ್ಚಿದಾಗ ಗೆರೆ ಕಾಣಲೇ ಇಲ್ಲ. ಮಲೆನಾಡಿನ ಮೊದಲ ಜಡಿಮಳೆಗೆ ಗೊತ್ತಾಯಿತು. ಶಾಲೆಯವರು ಜಗಳ ಮಾಡಲಿಲ್ಲ, ಆದರೆ ಅತ್ತಿಗೆ ಅವತ್ತೇ ದುಡ್ಡು ವಾಪಸ್ ಕೊಟ್ಟು ಬಂದರು. "ಆಮೇಲೆ ಮಾಡಿಕೊಡ್ತೀನಿ ಅಂತ ಹೇಳಿದೀನಿ" ಅಂದರು. ಹೇಗೆ ಅಂತ ನಾನು ಕೇಳಲಿಲ್ಲ.

ಕಳೆದ ಸಲ ಇಲ್ಲಿ ಇನ್ವರ್ಟರ್ ಬ್ಯಾಟರಿ ಬಗ್ಗೆ ಬರೆದಾಗ ಕೆಲವರು "ಮನೆಯಲ್ಲೇ ಮಾಡುವ ಸಣ್ಣ ಉದ್ಯೋಗಕ್ಕೆ ಮೆಷಿನ್ ಆರಿಸೋದು ಹೇಗೆ ಅಂತ ಬರೆಯಿರಿ" ಅಂದಿದ್ದರು. ಎಲ್ಲ ಮೆಷಿನ್ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಇದೊಂದರ ಬಗ್ಗೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ಅದನ್ನೇ ಬರೆಯುತ್ತೇನೆ.

ನಮ್ಮ ಕಡೆ ಇದಕ್ಕೆ ವಿನೈಲ್ ಅಂತ ಯಾರೂ ಹೇಳುವುದಿಲ್ಲ. ಹೊಳೆಯಲಿ, ಹೊಳೆಯದಿರಲಿ, ಎಲ್ಲವೂ "ರೇಡಿಯಂ". ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ರೇಡಿಯಂ ಅಂಗಡಿ ಅಂದರೆ ಆಟೋದ ಹಿಂದೆ ಹೆಸರು, ಬೈಕಿಗೆ ದೇವರ ಚಿತ್ರ, ನಂಬರ್ ಪ್ಲೇಟು. ಈ ಕೊನೆಯದು ಈಗ ಹೆಚ್ಚುಕಡಿಮೆ ಹೋಯಿತು ಅನ್ನಿ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟೇ ಇರುತ್ತದೆ. ಅದಕ್ಕೂ ಹಿಂದಿನ ಗಾಡಿಗಳಿಗೂ ಕಡ್ಡಾಯ ಅಂತ 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಆದೇಶ ಬಂತು. ಗಡುವು ಮುಂದೆ ಹೋಗುತ್ತಲೇ ಇತ್ತು, ನಿಜ. ಆದರೆ ದಿನಕ್ಕೆ ನಾಲ್ಕೈದು ನಂಬರ್ ಪ್ಲೇಟ್ ಬರೆದು ಹಾಲು, ತರಕಾರಿ ಖರ್ಚು ಕಳೆಯುತ್ತಿದ್ದ ಅಂಗಡಿಗಳಿಗೆ ಬೇರೆ ದಾರಿ ಹುಡುಕಬೇಕಾಯಿತು.

ಅತ್ತಿಗೆ ಶುರು ಮಾಡಿದ್ದೇ ಬೇರೆ ದಾರಿಯಿಂದ. ಹೊಸ್ತಿಲಿಗೆ ಹಚ್ಚುವ ರಂಗೋಲಿ ಪಟ್ಟಿ, ಮಕ್ಕಳ ನೀರಿನ ಬಾಟಲಿಗೆ ಹೆಸರು, ಮದುವೆ ಕಾರಿನ ಗಾಜಿಗೆ ಗಂಡು ಹೆಣ್ಣಿನ ಹೆಸರು, ಗೃಹಪ್ರವೇಶಕ್ಕೆ ಮನೆಯ ಹೆಸರು. ಅಕ್ಟೋಬರ್ ಕೊನೆಗೆ ಹಳದಿ, ಕೆಂಪು ರೋಲು ಸಾಲುವುದೇ ಇಲ್ಲ. 2021ರಿಂದೀಚೆಗೆ "ಅಪ್ಪು" ಅನ್ನುವ ಎರಡಕ್ಷರ ಎಷ್ಟು ಕತ್ತರಿಸಿದ್ದಾರೋ ಲೆಕ್ಕವಿಲ್ಲ. ಅದರ ಅಳತೆ ಅವರಿಗೆ ಬಾಯಿಪಾಠ. ಒಂದು ಮಾತ್ರ ಮಾಡುವುದಿಲ್ಲ: "ಪ್ರೆಸ್", "ಪೊಲೀಸ್" ಅಂತ ಬರೆಸಿಕೊಳ್ಳಲು ಬಂದವರನ್ನು ಕಾಫಿ ಕೊಟ್ಟು ಕಳಿಸುತ್ತಾರೆ.

ಬಸ್ಸಿನ ವಿಷಯ ಆದ ಭಾನುವಾರ ನಾನು ಭದ್ರಾವತಿಗೆ ಹೋದೆ. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಿಂದ ಬೈಕಿನಲ್ಲಿ ಮುಕ್ಕಾಲು ಗಂಟೆ. ಅಣ್ಣ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. "ತಗೊಂಡ್ರೆ ನಾಲ್ಕಡಿದೇ ತಗೋಬೇಕು. ಇನ್ನೊಂದ್ಸಲ ಚಿಕ್ಕದು ಅನ್ನಿಸಬಾರದು." ಕಬ್ಬಿಣದ ಊರಲ್ಲಿ ಬೆಳೆದವನು, ಮೆಷಿನ್ ಅಂದರೆ ದೊಡ್ಡದಿರಬೇಕು ಅವನಿಗೆ. 1923ರಲ್ಲಿ ಕುಲುಮೆ ಹೊತ್ತಿದ ಊರು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿದ ಊರು. ಈಗ ಅಣ್ಣನಿಗೆ ಗುತ್ತಿಗೆ ಕೆಲಸ ತಿಂಗಳಿಗೆ ಹನ್ನೆರಡು ದಿನ ಸಿಕ್ಕರೆ ಪುಣ್ಯ. ಹಾಗಾಗಿ ಈ ಮೆಷಿನ್ ಬರೀ ಹವ್ಯಾಸದ್ದಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಾನೇನು ಕಮ್ಮಿ? ಇಂಜಿನಿಯರು. ಲ್ಯಾಪ್‌ಟಾಪ್ ತೆಗೆದು ಹನ್ನೊಂದು ಮೆಷಿನ್‌ಗಳ ಪಟ್ಟಿ ತೋರಿಸಿದೆ. ರೋಲ್ಯಾಂಡ್, ಗ್ರಾಫ್‌ಟೆಕ್‌ನಂಥ ಹೆಸರು ಮಾಡಿದ ಸರ್ವೋ ಮೋಟಾರಿನವು ಒಂದು ಕಡೆ, ಬೆಲೆ ಲಕ್ಷ ದಾಟುತ್ತದೆ. ಸ್ಟೆಪ್ಪರ್ ಮೋಟಾರಿನ ಚೀನಾ ಮೆಷಿನ್‌ಗಳು ಇನ್ನೊಂದು ಕಡೆ, ಮೂವತ್ತು ನಲವತ್ತು ಸಾವಿರದ ಆಸುಪಾಸು. ವ್ಯತ್ಯಾಸ ಇಷ್ಟೇ: ಸ್ಟೆಪ್ಪರ್‌ಗೆ "ಇಷ್ಟು ಹೆಜ್ಜೆ ಹೋಗು" ಅಂದರೆ ಹೋಗುತ್ತದೆ, ನಡುವೆ ಒಂದು ಹೆಜ್ಜೆ ತಪ್ಪಿದರೆ ಅದಕ್ಕೇ ಗೊತ್ತಾಗುವುದಿಲ್ಲ. ಸರ್ವೋ ಪ್ರತಿ ಕ್ಷಣ ತಾನೆಲ್ಲಿದ್ದೇನೆ ಅಂತ ನೋಡಿಕೊಂಡು ತಿದ್ದಿಕೊಳ್ಳುತ್ತದೆ. ಸದ್ದೂ ಕಡಿಮೆ. "ಸರ್ವೋನೇ ಸರಿ" ಅಂದೆ.

ಅತ್ತಿಗೆ ಏನೂ ಮಾತಾಡದೆ ಒಳಗೆ ಹೋಗಿ ಉದ್ದದ ನೋಟ್‌ಬುಕ್ ತಂದರು. ತಾರೀಕು, ಹೆಸರು, ಅಳತೆ, ಅಡ್ವಾನ್ಸು. ಆಗದ ಕೆಲಸಕ್ಕೆ ಕೆಂಪು ಪೆನ್ನಲ್ಲಿ ಇಂಟು ಗುರುತು. "ನಿನ್ನ ಪಟ್ಟಿ ಆಮೇಲೆ ನೋಡೋಣ. ಮೊದಲು ನಾನು ಬೇಡ ಅಂದಿದ್ದು ಏನೇನು ಅಂತ ಎಣಿಸು."

ಹಿಂದಿನ ಗಣೇಶನ ಹಬ್ಬದಿಂದ ಅಲ್ಲಿಯವರೆಗೆ 41 ಇಂಟು ಗುರುತು ಇದ್ದವು. ಅದರಲ್ಲಿ ಐದು ಕತ್ತರಿಸುವ ಕೆಲಸವೇ ಅಲ್ಲ, ಫೋಟೊ ಪ್ರಿಂಟು ಬೇಕಾದವು. ನಿಜವಾಗಿ ನಾಲ್ಕಡಿ ಬೇಕಾಗಿದ್ದು ಮೂರೇ ಮೂರು. ಉಳಿದ 33 ಕೆಲಸಗಳ ಎತ್ತರ 13ರಿಂದ 22 ಇಂಚಿನ ಒಳಗೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ನನಗೂ ಅವತ್ತೇ ಸರಿಯಾಗಿ ತಲೆಗೆ ಹೋಗಿದ್ದು. ಈ ಮೆಷಿನ್‌ನಲ್ಲಿ ಬ್ಲೇಡು ಅಡ್ಡಡ್ಡ ಓಡುತ್ತದೆ, ರೋಲು ಹಿಂದೆ ಮುಂದೆ ಓಡುತ್ತದೆ. ಮೆಷಿನ್ ಅಳತೆ ಅಂದರೆ ಅಗಲ ಮಾತ್ರ. ಉದ್ದಕ್ಕೆ ರೋಲು ಇದ್ದಷ್ಟು ಜಾಗ. ಹತ್ತಡಿ ಉದ್ದದ ಅಂಗಡಿ ಹೆಸರನ್ನೂ ಎರಡಡಿ ಮೆಷಿನ್ ಕತ್ತರಿಸುತ್ತದೆ, ಅಕ್ಷರ ಎರಡಡಿಗಿಂತ ಎತ್ತರ ಇರಬಾರದು ಅಷ್ಟೇ. ಗ್ರಾಹಕರು "ಹತ್ತಡಿ ಬೋರ್ಡು" ಅಂದಕೂಡಲೇ ನಮ್ಮ ತಲೆ ದೊಡ್ಡ ಮೆಷಿನ್ ಕಡೆ ಓಡುತ್ತದೆ. ಕೇಳಬೇಕಾದ್ದು ಅಕ್ಷರದ ಎತ್ತರ.

ಜಾಹೀರಾತಿನಲ್ಲಿ ಬರೆಯುವ ಅಳತೆಯಲ್ಲೂ ಒಂದು ತೊಡಕಿದೆ. 720 ಮಿಲಿಮೀಟರ್ ಅಂತ ಇದ್ದರೆ ಅದು ಒಳಗೆ ಹಿಡಿಸುವ ಹಾಳೆಯ ಅಗಲ. ಕತ್ತರಿಸುವುದು 630 ಮಾತ್ರ. ಅಂಚನ್ನು ರಬ್ಬರ್ ರೋಲರ್‌ಗಳು ಕಚ್ಚಿ ಹಿಡಿಯಬೇಕಲ್ಲ. ನಮ್ಮಲ್ಲಿ ಸಿಗುವ ಎರಡಡಿ ರೋಲಿಗೆ ಇದು ಧಾರಾಳ.

ಮತ್ತೆ ನಾಲ್ಕಡಿಯದಕ್ಕೆ ಜಾಗ? ಸ್ಟ್ಯಾಂಡ್ ಸೇರಿ ಐದೂವರೆ ಅಡಿ. ಹಾಲ್‌ನಲ್ಲಿಟ್ಟರೆ ಅಡುಗೆಮನೆಗೆ ಹೋಗಲು ಪಕ್ಕಕ್ಕೆ ತಿರುಗಿ ಹೋಗಬೇಕು. ಟೇಪ್ ಹಿಡಿದು ಅಳೆದ ಮೇಲೆ ಅಣ್ಣ ಸುಮ್ಮನಾದ.

ದುಡ್ಡಿನ ಮಾತು ಕಷ್ಟದ್ದು. ಅತ್ತಿಗೆಯ ಕೈಯಲ್ಲಿ ಚೀಟಿ ಎತ್ತಿದ 65 ಸಾವಿರ ಇತ್ತು. ಸರ್ವೋಗೆ ಸಾಲದು. ಮುದ್ರಾ ಸಾಲ ಇದೆಯಲ್ಲ, ಶಿಶು ವರ್ಗದಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಅಂತ ಹೇಳಿದೆ. "ನಿಮ್ಮಣ್ಣನಿಗೆ ಈ ತಿಂಗಳು ಎಷ್ಟು ದಿನ ಕೆಲಸ ಇತ್ತು ಅಂತ ಕಂತಿಗೆ ಗೊತ್ತಾಗಲ್ಲ, ಅದರ ತಾರೀಕಿಗೆ ಅದು ಬರುತ್ತೆ" ಅಂದರು. ಸರಿ, ಉಳಿದಿದ್ದು ನಾನೇ ಹಾಕ್ತೀನಿ ಅಂದೆ. ಅದಕ್ಕೆ ತುಂಬ ಮೆತ್ತಗೆ ಹೇಳಿದರು, "ನೀನು ಹಾಕಿದ್ರೆ ಅದು ನಿನ್ನ ಮೆಷಿನ್ ಆಗುತ್ತೆ ಕಣೋ."

ನನಗೆ ಸ್ವಲ್ಪ ಚುಚ್ಚಿತು. ಒಂದು ವಾರ ಈ ವಿಷಯ ಎತ್ತಲಿಲ್ಲ.

ಆಮೇಲೆ ಅವರೇ ಫೋನ್ ಮಾಡಿದರು, ಬೆಂಗಳೂರಿಗೆ ಹೋಗಿ ಮೆಷಿನ್ ಓಡಿಸಿ ನೋಡೋಣ ಅಂತ. ಬೆಳಗಿನ ರೈಲಿಗೆ ನಾನು ಶಿವಮೊಗ್ಗದಲ್ಲಿ ಹತ್ತಿದೆ, ಅವರು ಭದ್ರಾವತಿಯಲ್ಲಿ. ಚೀಲದಲ್ಲಿ ನಮ್ಮದೇ ರೋಲಿನ ತುಂಡುಗಳು, ಪೆನ್‌ಡ್ರೈವಿನಲ್ಲಿ ನಮ್ಮದೇ ಫೈಲುಗಳು. ಇದೊಂದನ್ನು ದಯವಿಟ್ಟು ಎಲ್ಲರೂ ಮಾಡಿ. ಡೀಲರ್ ಅಂಗಡಿಯಲ್ಲಿ ಅವರದೇ ಹಾಳೆಯ ಮೇಲೆ ಇಂಗ್ಲಿಷಿನ "ವೆಲ್ಕಮ್" ಕತ್ತರಿಸಿ ತೋರಿಸುತ್ತಾರೆ, ಎಲ್ಲ ಮೆಷಿನ್‌ನಲ್ಲೂ ಚೆನ್ನಾಗೇ ಬರುತ್ತದೆ.

ನಾವು ಕೊಟ್ಟಿದ್ದು "ಶ್ರೀ ಲಕ್ಷ್ಮೀ ಪ್ರಸನ್ನ", ಒಂದಿಂಚು ಎತ್ತರ, ಹೊಳೆಯುವ ರೇಡಿಯಂ ಮೇಲೆ. ಕನ್ನಡ ಅಕ್ಷರ ದುಂಡಗಿರುವುದರಿಂದ ಬ್ಲೇಡಿಗೆ ಸುಲಭ ಅಂದುಕೊಂಡಿದ್ದೆ. ದೊಡ್ಡ ಅಕ್ಷರಕ್ಕೆ ಅದು ನಿಜ. ಆದರೆ "ಕ್ಷ್ಮೀ" ಒತ್ತಿನ ಒಳಗಿನ ಸಣ್ಣ ಸುಳಿಗೆ ಬಂದಾಗ ಮೆಷಿನ್ ಬಣ್ಣ ಬಯಲಾಗುತ್ತದೆ. ಈ ಬ್ಲೇಡು ಪೆನ್ನಿನಂತೆ ನೇರ ನಿಂತಿರುವುದಿಲ್ಲ, ಮೊನೆ ನಡುವಿನಿಂದ ಕೂದಲೆಳೆ ಪಕ್ಕಕ್ಕಿದ್ದು, ಎಳೆದ ಕಡೆಗೆ ತಾನೇ ತಿರುಗಿಕೊಳ್ಳುತ್ತದೆ. ಆ ಅಂತರ ಮೆಷಿನ್‌ಗೆ ಸರಿಯಾಗಿ ಹೇಳದಿದ್ದರೆ ಸುಳಿ ಶುರುವಾದ ಕಡೆ ಬಂದು ಕೂಡುವುದೇ ಇಲ್ಲ. ಕೀಳುವಾಗ ಒತ್ತೇ ಕಿತ್ತು ಬರುತ್ತದೆ. ಹೊಳೆಯುವ ಹಾಳೆ ದಪ್ಪ ಬೇರೆ. ಅದಕ್ಕೆ 45 ಡಿಗ್ರಿ ಬ್ಲೇಡು ಬೇಡ, 60ರದ್ದು ಬೇಕು, ಒತ್ತಡವೂ ಜಾಸ್ತಿ. ಮೇಲಿನ ಪದರ ಪೂರ್ತಿ ಕತ್ತರಿಸಿ ಕೆಳಗಿನ ಕಾಗದಕ್ಕೆ ಬರೀ ಗೀರು ಬಿದ್ದರೆ ಸರಿ ಇದೆ ಅಂತ ಅರ್ಥ.

ಮೊದಲ ಸಲ ಎರಡು ಮೆಷಿನ್‌ನಲ್ಲೂ ಅಕ್ಷರದ ನಡುವೆ ಬೇಡದ ಗೆರೆ ಬಿತ್ತು. ಅಂಗಡಿಯ ಹುಡುಗ ಗಾಬರಿಯಾದ. ತಪ್ಪು ನಮ್ಮದೇ ಫೈಲಿನದು. ಹಳೆಯ ನುಡಿ ಫಾಂಟ್‌ನಲ್ಲಿ ಅಕ್ಷರ ತುಂಡು ತುಂಡಾಗಿ ಜೋಡಣೆಯಾಗುತ್ತದೆ, ದೀರ್ಘದ ಕೊಂಬು ಒಂದು ತುಂಡು, ಒತ್ತು ಇನ್ನೊಂದು. ಪ್ರಿಂಟಿನಲ್ಲಿ ಗೊತ್ತಾಗುವುದಿಲ್ಲ, ಬ್ಲೇಡು ಮಾತ್ರ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ. ಕೋರೆಲ್ ಡ್ರಾದಲ್ಲಿ ಎಲ್ಲ ಆರಿಸಿ "ವೆಲ್ಡ್" ಒತ್ತಿದರೆ ಒಂದಾಗುತ್ತದೆ. ಅತ್ತಿಗೆ ಮರೆತಿರಲಿಲ್ಲ, ಆ ಫೈಲು ಮಾಡಿದ್ದು ನಾನು. (ಇದನ್ನು ಕೇಳಿ ಅಣ್ಣ, "ವೆಲ್ಡಿಂಗ್ ಮಾಡೋದನ್ನ ಭದ್ರಾವತಿಯವರಿಗೆ ಹೇಳಿಕೊಡ್ತೀರಾ?" ಅಂತ ಒಂದು ವಾರ ನಕ್ಕ.)

ಇನ್ನೊಂದು ಪರೀಕ್ಷೆ ಉದ್ದದ್ದು. ಮೂರು ಮೀಟರ್ ಉದ್ದದ ಬರೀ ಒಂದು ಆಯತ. ಹೋದ ಗೆರೆ, ಬಂದ ಗೆರೆ ಶುರುವಿನ ಮೂಲೆಯಲ್ಲೇ ಸೇರಬೇಕು. ಸರ್ವೋದಲ್ಲಿ ಸೇರಿತು. ಸ್ಟೆಪ್ಪರ್‌ನಲ್ಲಿ ಎರಡು ಮಿಲಿಮೀಟರ್ ಪಕ್ಕಕ್ಕೆ ಹೋಯಿತು. ನಾನು ಗೆದ್ದವನ ಹಾಗೆ ಅತ್ತಿಗೆ ಕಡೆ ನೋಡಿದೆ. ಅವರು ಹುಡುಗನಿಗೆ "ಒಂದೂವರೆ ಮೀಟರ್ ಮಾಡಿ ನೋಡಪ್ಪ" ಅಂದರು. ಆಗ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರಲಿಲ್ಲ. "ಅದಕ್ಕಿಂತ ಉದ್ದ ಇದ್ರೆ ಪದ ಪದ ಬಿಡಿಸಿ ಕಳಿಸ್ತೀನಿ. ಪದದ ಮಧ್ಯೆ ಹೇಗೂ ಖಾಲಿ ಜಾಗ ಇರುತ್ತಲ್ಲ, ಅಕ್ಷರದ ಮಧ್ಯೆ ಕತ್ತರಿಸಬಾರದು ಅಷ್ಟೇ ತಾನೇ?"

ಅಷ್ಟೇ. ನನ್ನ ಹನ್ನೊಂದು ಸಾಲಿನ ಪಟ್ಟಿಯಲ್ಲಿ ಈ ಕಾಲಮ್ಮೇ ಇರಲಿಲ್ಲ.

ತಗೊಂಡಿದ್ದು ಎರಡಡಿಯ ಸ್ಟೆಪ್ಪರ್ ಮೆಷಿನ್, 38 ಸಾವಿರ. ಪ್ರಿಂಟ್ ಆದ ಹಾಳೆಯ ಗುರುತು ತಾನೇ ಓದಿ ಸುತ್ತ ಕತ್ತರಿಸುವ ಕಣ್ಣಿರುವುದನ್ನೇ ಕೇಳಿ ತಗೊಂಡರು. ಫೋಟೊ ಪ್ರಿಂಟ್ ಹೊರಗೆ ಮಾಡಿಸಿ ಮನೆಯಲ್ಲಿ ಕತ್ತರಿಸಿದರೆ ಆ ಐದು ಇಂಟು ಗುರುತೂ ಉಳಿಯುವುದಿಲ್ಲ. ಉಳಿದ ದುಡ್ಡಿಗೆ ರೋಲು, ನಾಲ್ಕು ಬ್ಲೇಡು, ಒಂದು ಯುಪಿಎಸ್. ಮೆಷಿನ್ ಎಳೆಯುವುದು ಮಿಕ್ಸಿಗಿಂತ ಕಡಿಮೆ ಕರೆಂಟು, ಆದರೆ ಕೆಲಸದ ಮಧ್ಯೆ ಹೋದರೆ ಎಲ್ಲಿದ್ದೆ ಅನ್ನುವುದೇ ಮರೆತುಬಿಡುತ್ತದೆ, ಹಾಳೆ ದಂಡ. ನಾಲ್ಕಡಿಯ ಮೂರು ಮತ್ತೊಂದು ಕೆಲಸ ಬಂದರೆ ಶಿವಮೊಗ್ಗದಲ್ಲಿ ದೊಡ್ಡ ಮೆಷಿನ್ ಇರುವವರಿಗೆ ಕೊಟ್ಟು ಕತ್ತರಿಸಿ ತರುವುದು, ತರುವ ಕೆಲಸ ನನ್ನದು.

ಐದು ವರ್ಷ ಬಾಳಿಕೆ ನೋಡಿದರೆ ಸರ್ವೋನೇ ಸರಿ ಅಂತ ಈಗಲೂ ನನ್ನ ವಾದ. ಹೇಳಿದರೆ ಅತ್ತಿಗೆ "ಹೂಂ, ಇರಬಹುದು" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಮೆಷಿನ್ ಬಂದು ಹತ್ತು ದಿನ ಆಯಿತು. ಮೊದಲು ಕತ್ತರಿಸಿದ್ದು ಆ ಬಸ್ಸಿನ ಹೆಸರನ್ನೇ, 15 ಇಂಚು, ಒಂದೇ ತುಂಡು, ಎರಡೂ ಪಕ್ಕಕ್ಕೆ. ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಬಸ್ಸು ಖಾಲಿ ಸಿಗುವುದು ಭಾನುವಾರ ಮಾತ್ರ, ತಗಡು ಒಣಗಿರಬೇಕು ಬೇರೆ. ಹೋದ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಮಳೆ. ಈ ಭಾನುವಾರ ಬಿಸಿಲು ಬಿದ್ದರೆ ಬಟ್ಟೆ, ಸ್ಪಿರಿಟ್ಟು, ಸ್ಕ್ವೀಜಿ ಹಿಡಿದು ನಾನೂ ಹೋಗುವುದಿದೆ.